ದೋಣಿಯ ಹುಲಿ, ಬಕೆಟ್ಟಿನ ಬಾಳೆಹಣ್ಣು

"ಆ ಹುಡುಗ ಹೇಳುವುದೆಲ್ಲ ಹಸಿ ಸುಳ್ಳು," ಎಂದರು ವಕೀಲರು, ಸಿನಿಮಾ ಮುಗಿಯುವುದನ್ನೇ ಕಾಯುತ್ತಿದ್ದವರಂತೆ.

ನೋಡಿದ್ದು ಆಂಗ್ ಲೀ ನಿರ್ದೇಶನದ, 2012ರ 'ಲೈಫ್ ಆಫ್ ಪೈ'. ಹಡಗು ಮುಳುಗಿದ ಮೇಲೆ 227 ದಿನ ಹುಲಿಯ ಜೊತೆ ದೋಣಿಯಲ್ಲಿದ್ದೆ ಎನ್ನುತ್ತಾನೆ ಪುದುಚೇರಿಯ ಪೈ ಪಟೇಲ್. ಮೆಕ್ಸಿಕೋದ ಆಸ್ಪತ್ರೆಗೆ ವಿಚಾರಣೆಗೆ ಬಂದ ಜಪಾನೀಯರು ನಂಬದಿದ್ದಾಗ ಇನ್ನೊಂದು ಕಥೆ ತೆಗೆಯುತ್ತಾನೆ. ಅದರಲ್ಲಿ ಪ್ರಾಣಿಗಳೇ ಇಲ್ಲ. ಅಡುಗೆಯವನು, ಕಾಲು ಮುರಿದ ನಾವಿಕ, ಅಮ್ಮ ಮತ್ತು ತಾನು.

"ಎರಡೆರಡು ಹೇಳಿಕೆ! ಪಾಟೀಸವಾಲಿಗೆ ನನ್ನ ಕೈಗೆ ಕೊಡಿ, ಹುಲಿಯ ಬಾಯಲ್ಲೇ ನಿಜ ಹೇಳಿಸುತ್ತೇನೆ."

"ಎರಡನೆಯದೇ ಸುಳ್ಳು," ಎಂದರು ಮೇಷ್ಟ್ರು. "ಕೇಳಿದವರ ಅಳತೆಗೆ ಹೊಲಿದು ಕೊಟ್ಟದ್ದು."

ನನಗೆ ಹಾಗನ್ನಿಸಲಿಲ್ಲ. ಹುಲಿಗಾಗಿ ಕಡಲು, ಮಿಂಚು, ತಿಮಿಂಗಿಲ ಎಲ್ಲವನ್ನೂ ತೋರಿಸಿದ ನಿರ್ದೇಶಕ, ಎರಡನೆಯ ಕಥೆಗೆ ಪೈ ಆಗಿರುವ ಸೂರಜ್ ಶರ್ಮಾನ ಮುಖವೊಂದನ್ನೇ ತೋರಿಸುತ್ತಾನೆ. ಅಲಂಕಾರ ಬೇಡದಿರುವುದು ನಿಜಕ್ಕೆ ತಾನೇ? ಮೇಲಾಗಿ ಆ ಹುಲಿ ಬಹುಪಾಲು ಕಂಪ್ಯೂಟರಿನದು.

"ಬಾಳೆಹಣ್ಣು ನೀರಿನಲ್ಲಿ ತೇಲುವುದಿಲ್ಲ ಎಂದರಲ್ಲ ಆ ಜಪಾನೀಯರು, ಅದನ್ನು ಮೊದಲು ನೋಡೋಣ," ಎಂದು ಮೇಷ್ಟ್ರು ಎದ್ದರು. ಹುಡುಗನ ಮೊದಲ ಕಥೆಯ ಪ್ರಕಾರ ಒರಾಂಗುಟಾನ್ ಎಂಬ ದೊಡ್ಡ ವಾನರ ದೋಣಿಗೆ ಬಂದದ್ದು ಬಾಳೆಗೊನೆಗಳ ಮೇಲೆ ತೇಲಿಕೊಂಡು. ಬಚ್ಚಲಿನ ಬಕೆಟ್ಟಿಗೆ ಏಲಕ್ಕಿ ಬಾಳೆಯ ಅರ್ಧ ಚಿಪ್ಪು ಬಿತ್ತು. ಒಮ್ಮೆ ಮುಳುಗಿ, ಬುಳಕ್ಕನೆ ಮೇಲೆದ್ದು, ತೊಟ್ಟು ವಾಲಿಸಿಕೊಂಡು ತೇಲಿತು. ಮೇಷ್ಟ್ರು ನಮ್ಮೆಲ್ಲರ ಮುಖ ನೋಡಿದರು.

"ಹಣ್ಣು ತೇಲಿದರೆ ಒರಾಂಗುಟಾನ್ ಕುಳಿತಿತ್ತು ಎಂದಾಯಿತೇ? ಕುಳ್ಳಿರಿಸಿ ತೋರಿಸಿ," ಎಂದರು ವಕೀಲರು. ಎಲ್ಲರೂ ನನ್ನ ಕಡೆ ತಿರುಗಿದ್ದೇಕೋ ತಿಳಿಯಲಿಲ್ಲ.

ಅಷ್ಟು ಹೊತ್ತು ಸುಮ್ಮನೆ ಚಕ್ಕುಲಿ ಮುರಿಯುತ್ತಿದ್ದ ವಿಮಾ ಏಜೆಂಟ್ ಗೆಳೆಯ ಬಾಯಿ ಬಿಟ್ಟ. "ಆ ಜಪಾನೀಯರು ಬಂದದ್ದು ವಿಮೆಯ ಲೆಕ್ಕ ತೀರಿಸಲು. ಕೇಳಿದ್ದು ಹಡಗು ಏಕೆ ಮುಳುಗಿತು ಎಂದು. ಎರಡು ಕಥೆಯಲ್ಲೂ ಅದಕ್ಕೆ ಉತ್ತರವಿಲ್ಲ! ಕೊನೆಗೆ ಅವರೇ ವರದಿಯಲ್ಲಿ ಬಂಗಾಳದ ಹುಲಿಯ ಜೊತೆ ಬದುಕಿ ಬಂದ ಎಂದು ಬರೆದು ಸಹಿ ಹಾಕಿ ಹೋದರು."

"ಅದಕ್ಕೇನೀಗ?"

"ಏನಿಲ್ಲ. ಕೋತಿ ಹಾರಿ ನನ್ನ ಸ್ಕೂಟರಿನ ಕನ್ನಡಿ ಒಡೆಯಿತು ಎಂದು ಅರ್ಜಿ ಬರೆದರೆ, ನಮ್ಮವರು ಕೋತಿಯ ಫೋಟೋ ಲಗತ್ತಿಸಿ ಎಂದು ವಾಪಸ್ ಕಳಿಸಿದ್ದಾರೆ."