ಕಿಂಡಲ್ ಬಿಡೋದಾ? (‘ಗುಬ್ಬಿ ಮನೆ’ ಗುಂಪಿನಲ್ಲಿ)

ರಘು: ಎಲ್ಲರೂ ನೋಡಿ. ಗುಬ್ಬಿ ಮನೇಲಿರೋ ಕಿಂಡಲ್ (ಅಮೆಜಾನ್‌ನೋರ ಇ-ಪುಸ್ತಕ ಓದೋ ಸಾಧನ) ಬದಲು, ಬೇರೆ ಕಂಪನೀದು ಕೋಬೋ ತಗೊಳ್ಳೋಣ ಅಂತ. ತಲೆಗಿಷ್ಟು ಅಂತ ಹಾಕಿದ್ರೆ ಆಯ್ತು.

ದೊಡ್ಡಪ್ಪ: ಇರೋದಕ್ಕೆ ಏನಾಗೈತೆ? ದಿನಾ ಓದ್ತಾ ಇದೀನಲ್ಲ.

ರಘು: ಏನೂ ಆಗಿಲ್ಲ ದೊಡ್ಡಪ್ಪ. ಆದ್ರೆ ದುಡ್ಡು ಕೊಟ್ಟು ಕೊಂಡ ಪುಸ್ತಕನ ಕಂಪ್ಯೂಟರ್‌ಗೆ ಇಳಿಸಿ ಕೇಬಲ್‌ನಲ್ಲಿ ಹಾಕ್ಕೊಳ್ಳೋ ಸೌಲಭ್ಯನ ಅಮೆಜಾನ್‌ನೋರು 2025ರ ಫೆಬ್ರವರಿ 26ಕ್ಕೆ ತೆಗೆದುಬಿಟ್ರು. ನಾಳೆ ಅಕೌಂಟ್‌ಗೆ ಏನಾದ್ರೂ ಆದ್ರೆ ನಮ್ಮ ಕೈಲಿ ಏನಿರುತ್ತೆ? ಕೋಬೋ ಇಪಬ್ ಫೈಲನ್ನ, ಅಂದ್ರೆ ಇ-ಪುಸ್ತಕಗಳ ಸಾಮಾನ್ಯ ಫಾರ್ಮ್ಯಾಟನ್ನ, ಹಂಗೇ ಓದುತ್ತೆ.

ಚಿಕ್ಕಪ್ಪ ತಿಪಟೂರು: ಇಪಬ್ ಕಿಂಡಲ್‌ಗೂ ಹೋಗುತ್ತೆ ಕಣೋ. ಈಮೇಲ್ ಮಾಡಿದ್ರೆ 2022ರಿಂದ ತಗೊಳ್ತಾ ಐತೆ.

ರಘು: ಅದು ಅವರ ಸರ್ವರ್‌ಗೆ ಹೋಗಿ, ಅವರ ಫಾರ್ಮ್ಯಾಟ್ ಆಗಿ ಬರುತ್ತೆ.

ಚಿಕ್ಕಪ್ಪ ತಿಪಟೂರು: ಬಂದ್ರೆ ಸಾಕಲ್ಲ!

ವಿದ್ಯಾ: ಈಗಾಗ್ಲೇ ಕೊಂಡಿರೋವು? ಹೆಚ್ಚಿನವಕ್ಕೆ ಅಮೆಜಾನ್‌ನ ಡಿಜಿಟಲ್ ಬೀಗ ಇರುತ್ತೆ, ಕೋಬೋಲಿ ತೆರೆಯಲ್ಲ.

ರಘು: ಅವನ್ನ ಫೋನಲ್ಲಿ ಓದ್ಕೊಳ್ಳೋದು.

ದೊಡ್ಡಪ್ಪ: ಫೋನಲ್ಲಿ ಓದಕ್ಕಾಗಿದ್ರೆ ಈ ಸಾಮಾನು ಯಾಕೆ ತರ್ತಿದ್ವಿ? ಕಣ್ಣುರಿ ಅಂತಾನೇ ತಂದಿದ್ದು.

ಸುಮತ್ತೆ: ನೀವೆಲ್ಲ ಇಂಗ್ಲಿಷ್ ಓದೋರೇ ಮಾತಾಡ್ತಾ ಇದೀರ. ನಾನೂ ದುಡ್ಡು ಹಾಕಿದ್ದೆ ತಾನೇ? ನಾನು ಓದೋದು ಕನ್ನಡ. ಮೈಲ್ಯಾಂಗ್ ಅನ್ನೋ ಕನ್ನಡ ಇ-ಪುಸ್ತಕದ ಆ್ಯಪಲ್ಲಿ ಕೊಂಡ ಪುಸ್ತಕ ಆ ಆ್ಯಪಲ್ಲೇ ಓದ್ಬೇಕು, ಕಿಂಡಲಲ್ಲೂ ಬರಲ್ಲ, ನಿನ್ನ ಕೋಬೋಲೂ ಬರಲ್ಲ. ಇಂಟರ್‌ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟಿಂದ ಇಳಿಸಿರೋ ಹಳೇ ಪುಸ್ತಕ ಎಲ್ಲ ಸ್ಕ್ಯಾನ್ ಮಾಡಿದ ಪಿಡಿಎಫ್. ಅದರಲ್ಲಿ ಪುಟ ಅಂದ್ರೆ ಒಂದು ಫೋಟೋ. ಅಕ್ಷರ ದೊಡ್ಡದು ಮಾಡಿದ್ರೆ ಫೋಟೋನೇ ದೊಡ್ಡದಾಗಿ ಅರ್ಧ ಸಾಲು ಆಚೆ ಹೋಗುತ್ತೆ. ಎಡಕ್ಕೆ ಎಳಿ, ಬಲಕ್ಕೆ ಎಳಿ, ಅಷ್ಟರಲ್ಲಿ ಕಥೆ ಮರೆತಿರುತ್ತೆ. ಚಿಕ್ಕದಾಗೇ ಬಿಟ್ರೆ ಒತ್ತಕ್ಷರ ಎಲ್ಲ ಇರುವೆ ಸಾಲು. ಆರು ಇಂಚಿಂದು ಯಾವ ಕಂಪನೀದಾದ್ರೂ ಇದೇ ಹಣೆಬರಹ.

ರಘು: ಹಂಗಾದ್ರೆ ಆಂಡ್ರಾಯ್ಡ್ ಇರೋ ಇ-ಇಂಕ್ (ಕಿಂಡಲ್ ಥರ ಕಾಗದದಂಗೆ ಕಾಣೋ ಪರದೆ) ಟ್ಯಾಬ್ಲೆಟ್ ತಗೊಳ್ಳೋಣ ಅತ್ತೆ. ಬೂಕ್ಸ್ ಕಂಪನೀದರ ಥರದ್ದು, 10 ಇಂಚು. ಕಿಂಡಲ್ ಆ್ಯಪ್, ಮೈಲ್ಯಾಂಗ್, ಪಿಡಿಎಫ್ ಎಲ್ಲ ಒಂದರಲ್ಲೇ.

ಚಿಕ್ಕಪ್ಪ ತಿಪಟೂರು: ರೇಟು?

ರಘು: ಕಿಂಡಲ್‌ಗಿಂತ ಜಾಸ್ತೀನೇ. ಚಾರ್ಜೂ ಅದರಷ್ಟು ದಿನ ನಿಲ್ಲಲ್ಲ.

ಚಿಕ್ಕಪ್ಪ ತಿಪಟೂರು: ಈ ಸಂದೇಶವನ್ನು ಅಳಿಸಲಾಗಿದೆ

ವಿದ್ಯಾ: ಓದ್ಬಿಟ್ಟೆ ಚಿಕ್ಕಪ್ಪ 😂

ದೊಡ್ಡಪ್ಪ: ಮಲಗಿ ಓದೋನು ನಾನು. ಅಷ್ಟು ದೊಡ್ಡದು ಮುಖದ ಮೇಲೆ ಬಿದ್ರೆ?

ಸುಮತ್ತೆ: ಅಣ್ಣ, ನಿಮ್ಮ ಕಿಂಡಲ್ ನೀವೇ ಇಟ್ಕೊಳ್ಳಿ. ಕೊಂಡ ಇಂಗ್ಲಿಷ್ ಪುಸ್ತಕ ಎಲ್ಲ ಅದರಲ್ಲೇ ಇದೆ. ದೊಡ್ಡದು ನಮ್ಮನೇಲಿರಲಿ. ಕ್ಯಾತ್ಸಂದ್ರಕ್ಕೆ ಬಂದೋರು ತಟ್ಟೆ ಇಡ್ಲಿ ತಿಂದು ಓದ್ಕೊಂಡು ಹೋಗಿ.

ಚಿಕ್ಕಪ್ಪ ತಿಪಟೂರು: ದುಡ್ಡು ಎಲ್ಲರ್ದು, ಸಾಮಾನು ಮಾತ್ರ ನಿಂದಾ ಅಕ್ಕ?

ಸುಮತ್ತೆ: ಇಷ್ಟು ದಿನ ಅಣ್ಣನ ದಿಂಬಿನ ಕೆಳಗಿತ್ತಲ್ಲ, ಆಗ ಯಾರ್ದಾಗಿತ್ತು?

ರಘು: ಭಾನುವಾರ ಫ್ರೆಂಡ್‌ದು ಒಂದು ತರ್ತೀನಿ. ಅತ್ತೆ ತಮ್ಮ ಪಿಡಿಎಫ್ ಹಾಕಿ ನೋಡ್ಲಿ. ಒತ್ತಕ್ಷರ ಕಂಡ್ರೆ ಆಮೇಲೆ ದುಡ್ಡಿನ ಮಾತು.

ಚಿಕ್ಕಪ್ಪ ತಿಪಟೂರು: ನಂದು ಕೊಬ್ರಿ ಹರಾಜು ಆದ್ಮೇಲೆ.

ದೊಡ್ಡಪ್ಪ: ಕಿಂಡಲ್ ನಂಗೇ ಅಂತ ಆಯ್ತಲ್ಲ, ಮತ್ತೆ ಹೊಸದಕ್ಕೆ ನಾನ್ಯಾಕಪ್ಪ ಹಾಕ್ಲಿ?