ಅಳತೆ ಸರಿಯಿದ್ದರೂ ಮುಖದ ಹೋಲಿಕೆ ಏಕೆ ಬರುತ್ತಿಲ್ಲ?

ಪ್ರಶ್ನೆ, ತುಮಕೂರಿನಿಂದ:
ತೀರಿಕೊಂಡ ನಮ್ಮ ಅಜ್ಜಿಯ ಭಾವಚಿತ್ರವನ್ನು, ಮೊಬೈಲಿನಲ್ಲಿ ತೀರಾ ಹತ್ತಿರದಿಂದ ತೆಗೆದ ಒಂದೇ ಫೋಟೊ ನೋಡಿಕೊಂಡು, ಎರಡು ತಿಂಗಳಿಂದ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದೇನೆ. ಚೌಕಗಳನ್ನು ಹಾಕಿ ಅಳತೆ ತೆಗೆದುಕೊಂಡಿದ್ದೇನೆ. ಕಣ್ಣು, ಮೂಗು, ಬಾಯಿ ಬಿಡಿಬಿಡಿಯಾಗಿ ಸರಿಯಾಗಿಯೇ ಇವೆ. ಆದರೂ ಅಮ್ಮ ನೋಡಿ, "ಇವರು ಯಾರೋ ಬೇರೆಯವರು" ಎಂದರು. ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಕೋಲಾರದಿಂದ:
ತಪ್ಪು ನಿಮ್ಮ ಕೈಗಿಂತ ಫೋಟೊದಲ್ಲಿರುವ ಸಾಧ್ಯತೆಯೇ ಹೆಚ್ಚು. ಅಷ್ಟು ಹತ್ತಿರದಿಂದ ತೆಗೆದಾಗ ಕ್ಯಾಮೆರಾಕ್ಕೆ ಸಮೀಪವಿರುವ ಮೂಗು ದೊಡ್ಡದಾಗಿಯೂ ಹಿಂದಿರುವ ಕಿವಿಗಳು ಚಿಕ್ಕದಾಗಿಯೂ ಕಾಣುತ್ತವೆ. ಮನೆಯವರ ನೆನಪಿನಲ್ಲಿ ಉಳಿದಿರುವುದಾದರೋ ಒಂದೆರಡು ಮೀಟರ್ ದೂರದಲ್ಲಿ ಕುಳಿತು ಮಾತನಾಡಿದ ಮುಖ. ಮದುವೆಯ ಆಲ್ಬಂಗಳಲ್ಲಿ ದೂರದಿಂದ ತೆಗೆದ ಫೋಟೊ ಹುಡುಕಿ.

ಉತ್ತರ, ಚಿಕ್ಕಬಳ್ಳಾಪುರದಿಂದ:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಅಷ್ಟೇ ಸಾಲದು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ಪೇಟದಿಂದಲೇ ಗುರುತಿಸುತ್ತೇವೆ. ಪೇಟವನ್ನು ಕೈಯಿಂದ ಮುಚ್ಚಿ ನೋಡಿದರೆ ಎಷ್ಟೋ ಗೋಡೆಚಿತ್ರಗಳಲ್ಲಿ ಅವರ ಮುಖವೇ ಉಳಿಯುವುದಿಲ್ಲ. ಕಣ್ಣುಗಳು ತಲೆಯ ಎತ್ತರದ ಸುಮಾರು ಅರ್ಧಕ್ಕೆ ಬರುತ್ತವೆ ಎಂಬಂಥ ನಿಯಮಗಳಿಂದ ನಿಮ್ಮ ಅಜ್ಜಿ ಎಲ್ಲಿ ಸರಿದಿದ್ದರು ಎಂಬುದೇ ಅವರ ಗುರುತು. ವಯಸ್ಸಾದವರ ಹಲ್ಲು ಬಿದ್ದಾಗ ಮೂಗಿಗೂ ಗದ್ದಕ್ಕೂ ಇರುವ ಅಂತರ ಕುಗ್ಗುತ್ತದೆ. ಅದನ್ನು ಮೊದಲು ಪರೀಕ್ಷಿಸಿ. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಕಣ್ಣಿಗೆ ರೂಢಿಯಾದ ತಪ್ಪುಗಳು ಎದ್ದು ಕಾಣುತ್ತವೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ಫೋಟೊ ತೆಗೆದ ದಿನ ಅಜ್ಜಿ ಹಲ್ಲಿನ ಸೆಟ್ಟು ಹಾಕಿಕೊಂಡಿದ್ದರು. ಮನೆಯಲ್ಲಿ ಅವರು ಅದನ್ನು ಹಾಕುತ್ತಲೇ ಇರಲಿಲ್ಲ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗದ್ದವನ್ನು ಇಂದೇ ತಿದ್ದುತ್ತೇನೆ.