ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದ 34 ಗಂಟೆ ಇಲ್ಲಿ ಪಿಐಸಿ (ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತ ಪೈಲಟ್) ಲೆಕ್ಕಕ್ಕೆ ಬರುತ್ತಾ?

ಬೈತಖೋಲದ ಹುಡುಗಿ:
ನಮಸ್ಕಾರ. ಅಮೆರಿಕದಲ್ಲಿ ಹಾರಾಟ ಕಲಿತು ಕಾರವಾರಕ್ಕೆ ಬಂದು ಮೂರು ವಾರ ಆಯ್ತು. ಇಲ್ಲಿಯ ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಅರ್ಜಿ ಹಾಕಬೇಕು. ಲಾಗ್‌ಬುಕ್‌ನಲ್ಲಿ ಒಟ್ಟು 256 ಗಂಟೆ ಇದೆ, ಅದರಲ್ಲಿ ಪಿಐಸಿ 121. ಆ 121ರಲ್ಲಿ 34 ಗಂಟೆ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಸಿಕ್ಕ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರುವ ಅರ್ಹತೆ) ಅಂತ ಹಾರಿದ್ದು. ಕಂಟ್ರೋಲ್ ಪೂರ್ತಿ ನನ್ನ ಕೈಯಲ್ಲೇ ಇತ್ತು, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರು. ಅಲ್ಲಿ ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆ ಕಲಿತ ಗಂಟೆ) ಕಾಲಂ, ಪಿಐಸಿ ಕಾಲಂ ಎರಡರಲ್ಲೂ ಬರೆಸಿದರು. ಇಲ್ಲಿ ಲೈಸೆನ್ಸ್ ಕೊಡುವ ಡಿಜಿಸಿಎ ಇದನ್ನು ಒಪ್ಪುವುದಿಲ್ಲ ಅಂತ ಗೆಳತಿ ಹೇಳುತ್ತಿದ್ದಾಳೆ. ನಿಜವಾ? ಅಪ್ಪ ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟಿನ ಮುಖ್ಯಸ್ಥ. ಈಗ 61 ದಿನದ ಮೀನುಗಾರಿಕೆ ನಿಷೇಧ, ಮನೆಯಲ್ಲೇ ಇದ್ದಾರೆ. "ಅರ್ಜಿ ಹಾಕಿದ್ಯಾ ಮಗಾ" ಅಂತ ದಿನಾ ಕೇಳುತ್ತಾರೆ.

ಶಿರಸಿಯ ನಿವೃತ್ತ ಇನ್‌ಸ್ಟ್ರಕ್ಟರ್:
ತಂಗಿ, ಗೆಳತಿ ಹೇಳಿದ್ದು ಸರಿ. ಹಾಗಂತ ಅಲ್ಲಿ ಯಾರೂ ನಿನಗೆ ತಪ್ಪು ಬರೆಸಿಲ್ಲ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ನಿಯಮ 61.51 ಪ್ರಕಾರ, ಲೈಸೆನ್ಸ್ ಇದ್ದವರು ತಮಗೆ ರೇಟಿಂಗ್ ಇರುವ ವಿಮಾನದಲ್ಲಿ ತಾವೊಬ್ಬರೇ ಕಂಟ್ರೋಲ್ ಹಿಡಿದಷ್ಟು ಹೊತ್ತನ್ನು ಪಿಐಸಿ ಅಂತ ಬರೆದುಕೊಳ್ಳಬಹುದು. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿದ್ದರೂ ಸರಿಯೇ. ನಮ್ಮಲ್ಲಿ ಹಾಗಿಲ್ಲ. ಇನ್‌ಸ್ಟ್ರಕ್ಟರ್ ಕಲಿಸುತ್ತಾ ಕೂತಿದ್ದರೆ ಪಿಐಸಿ ಅವರದ್ದು, ಡ್ಯುಯಲ್ ನಿನ್ನದು.

ಬೇಕಾದರೆ ಅಪ್ಪನನ್ನೇ ಕೇಳು. ಕಡಲಲ್ಲಿ ಎಷ್ಟೋ ಸಲ ಚುಕ್ಕಾಣಿ ಹುಡುಗನ ಕೈಯಲ್ಲಿರುತ್ತದೆ. ಗಾಳಿ ಎದ್ದಾಗ ಬಂದರಿಗೆ ತಿರುಗಿಸು ಅಂತ ಹೇಳುವವರು ಯಾರು? ಬಲೆ ಹೋದರೆ, ಜೀವ ಹೋದರೆ ಜವಾಬು ಕೊಡಬೇಕಾದವರು ಯಾರು? ನಮ್ಮ ಪಿಐಸಿ ಕಾಲಂ ಆ ಮನುಷ್ಯನಿಗೆ. ನನಗೆ ಈ ನಿಯಮವೇ ಸರಿ ಅನಿಸುತ್ತದೆ.

ಹಾಗಾಗಿ 121ರಲ್ಲಿ 34 ಕಳೆ. 87 ಉಳಿಯಿತು. ಬೇಕಾದದ್ದು 100, ಅಂದರೆ ಇನ್ನೂ 13 ಹಾರಬೇಕು. ಒಟ್ಟು ಗಂಟೆ 200 ಇದ್ದರೆ ಸಾಕು, ಅದು ನಿನಗೆ ಜಾಸ್ತಿಯೇ ಇದೆ.

ಇನ್ನೊಂದು ನೋಡು. ಕ್ರಾಸ್ ಕಂಟ್ರಿ (ಒಂದು ಊರಿನಿಂದ ಇನ್ನೊಂದು ಊರಿಗೆ ಹಾರುವ) ಪಿಐಸಿ 20 ಗಂಟೆ ಇರಬೇಕು. ಅದರಲ್ಲಿ ಒಂದು ಹಾರಾಟ ಕಡೇಪಕ್ಷ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್. ದಾರಿಯಲ್ಲಿ ಬೇರೆ ಎರಡು ಏರೋಡ್ರೋಮ್‌ಗಳಲ್ಲಿ ಇಳಿದು ಪೂರ್ತಿ ನಿಂತಿರಬೇಕು. ಚಕ್ರ ಮುಟ್ಟಿಸಿ ಹಾಗೇ ಏರಿದರೆ ಆಗಲ್ಲ. ಅಮೆರಿಕದಲ್ಲಿ ಆ ಉದ್ದದ ಹಾರಾಟವನ್ನು ಇನ್‌ಸ್ಟ್ರಕ್ಟರ್ ಜೊತೆಗಿದ್ದೂ ಮಾಡಲು ಬಿಡುತ್ತಾರೆ. ನೀನು ಒಬ್ಬಳೇ ಹೋಗಿದ್ಯಾ?

ಹಳೆಯ ಎಂಟ್ರಿಗಳನ್ನು ಮಾತ್ರ ಮುಟ್ಟಬೇಡ. ಒಂದು ಅಂಕಿಯನ್ನೂ ತಿದ್ದಬೇಡ. ಭಾರತದ ಲೆಕ್ಕಕ್ಕೆ ಬೇರೆ ಹಾಳೆ ಮಾಡಿ, ಕಲಿತ ಶಾಲೆಯಿಂದ ಸಹಿ ಹಾಕಿಸು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದಿದ್ದರು. ನಿನ್ನ ಪುಸ್ತಕ ನೋಡಿ ಯಾರಿಗೂ ಅನುಮಾನ ಬರಬಾರದು.

ಹೊನ್ನಾವರದವ:
ಅಕ್ಕಾ, ಗಂಟೆಗಳನ್ನು ಹಾಬ್ಸ್ ಮೀಟರ್ ನೋಡಿ ಬರೆದಿದ್ದೀರಾ? ಎಂಜಿನ್ ಶುರುವಾದ ಕೂಡಲೇ ಅದು ಓಡುತ್ತದೆ. ಹಾರಾಟದ ಸಮಯ ಅಂದರೆ ಟೇಕಾಫ್‌ಗೆ ಅಂತ ವಿಮಾನ ತಾನಾಗಿ ಹೊರಟಾಗಿನಿಂದ ಕೊನೆಗೆ ನಿಲ್ಲುವವರೆಗೆ. ನಾನು ಕಲಿತ ಕಡೆ ನಿಂತಲ್ಲೇ ಎಂಜಿನ್ ಬಿಸಿ ಮಾಡಿದ ಹೊತ್ತನ್ನೂ ಸೇರಿಸಿ ಬರೆಸಿದ್ದರು. ಆಮೇಲೆ ಕಳೆಯುತ್ತಾ ಹೋದಾಗ ತುಂಬಾ ಸಂಕಟವಾಯ್ತು. 13ಕ್ಕೆ ನಿಲ್ಲಿಸಬೇಡಿ, 16 ಹಾರಿ.

ಬೈತಖೋಲದ ಹುಡುಗಿ:
ಸರ್, ರಾತ್ರಿ ಅಪ್ಪನ ಜೊತೆ ಕೂತು ಪುಟ ಪುಟವಾಗಿ ಎಣಿಸಿದೆ. 87 ಸರಿಯಾಗಿದೆ. 300 ಮೈಲಿಯದ್ದು ಒಬ್ಬಳೇ ಹಾರಿದ್ದು. ಎರಡೂ ಕಡೆ ಎಂಜಿನ್ ಆಫ್ ಮಾಡಿ ಇಂಧನ ಹಾಕಿಸಿದ್ದೆ, ರಸೀದಿ ಇಟ್ಟುಕೊಂಡಿದ್ದೇನೆ. ಗಂಟೆಗಳನ್ನು ಮಾತ್ರ ಹೊನ್ನಾವರದ ಅಣ್ಣ ಹೇಳಿದ ಹಾಗೆ ಹಾಬ್ಸ್ ನೋಡಿಯೇ ಬರೆದುಬಿಟ್ಟಿದ್ದೇನೆ, ಅದನ್ನು ಶಾಲೆಗೆ ಇವತ್ತೇ ಕೇಳುತ್ತೇನೆ. ಚುಕ್ಕಾಣಿಯ ಮಾತು ಓದಿ ಹೇಳಿದಾಗ ಅಪ್ಪ "ಹೌದು, ಅವರು ಸರಿ ಹೇಳ್ತಾರೆ, 16 ಹಾರು" ಅಂದರು.